ಅಕ್ವೇರಿಯಂನ ಹಳೆಯ ಫಿಲ್ಟರ್: ರಿಪೇರಿ ಮಾಡಬೇಕೆ, ಬದಲಿಸಬೇಕೆ?

ಉತ್ತರ ಕನ್ನಡದಲ್ಲಿ ಮನೆಯೊಳಗೆ ಮೀನು ಸಾಕುವವರಿಗೆ ಫಿಲ್ಟರಿನ ಚಿಂತೆ ಹತ್ತುವುದು ಹೆಚ್ಚಾಗಿ ಮಳೆಗಾಲದಲ್ಲಿ. ಮೂರು-ನಾಲ್ಕು ವರ್ಷ ಸದ್ದಿಲ್ಲದೆ ನಡೆದ ಯಂತ್ರವು ಒಂದು ರಾತ್ರಿ ಕರೆಂಟು ಹೋಗಿ ಬಂದ ನಂತರ ಗುಂಯ್‌ಗುಡುತ್ತದೆಯೇ ಹೊರತು ನೀರೆತ್ತುವುದಿಲ್ಲ. ಅಂಗಡಿಗೆ ಒಯ್ದು ತೋರಿಸಿದರೆ ಹೊಸದನ್ನೇ ಕೊಳ್ಳುವಂತೆ ಸಲಹೆ ಸಿಗುವುದು ಸಹಜ, ಏಕೆಂದರೆ ಹತ್ತಾರು ಮಾದರಿಗಳ ಬಿಡಿಭಾಗಗಳನ್ನು ತಂದಿಟ್ಟುಕೊಳ್ಳುವುದು ಸಣ್ಣ ಅಂಗಡಿಗೆ ಪೂರೈಸುವುದಿಲ್ಲ. ಮನೆಯ ಹಿರಿಯರು ಇದಕ್ಕೆ ತದ್ವಿರುದ್ಧವಾಗಿ, ಓಡುವಷ್ಟು ದಿನ ಓಡಲಿ ಎನ್ನುತ್ತಾರೆ. ಎರಡೂ ಯಂತ್ರವನ್ನು ಬಿಚ್ಚಿ ನೋಡದೆ ಆಡುವ ಮಾತುಗಳು.

ಬಿಚ್ಚುವ ಮೊದಲು ಒಂದು ವಿಷಯ ಸ್ಪಷ್ಟವಾಗಿರಬೇಕು. ನಾವು ಫಿಲ್ಟರ್ ಎಂದು ಕರೆಯುವುದರಲ್ಲಿ ನೀರನ್ನು ತಳ್ಳುವ ಯಂತ್ರ ಒಂದು, ಅದರೊಳಗಿನ ಸ್ಪಂಜು ಮತ್ತು ಸೆರಾಮಿಕ್ ಉಂಗುರಗಳ ಮೇಲೆ ನೆಲೆಸಿರುವ ಬ್ಯಾಕ್ಟೀರಿಯಾ ಇನ್ನೊಂದು. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯವನ್ನು ಮೊದಲು ನೈಟ್ರೈಟ್ ಆಗಿ, ಆಮೇಲೆ ಅಷ್ಟೇನೂ ಅಪಾಯಕಾರಿಯಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುವುದು ಈ ಬ್ಯಾಕ್ಟೀರಿಯಾಗಳೇ. ಹೊಸ ಫಿಲ್ಟರಿನಲ್ಲಿ ಅವು ತಾವಾಗಿಯೇ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಯಂತ್ರ ಹಳತಾಗುತ್ತದೆ, ಬ್ಯಾಕ್ಟೀರಿಯಾ ಹಳತಾಗುವುದಿಲ್ಲ. ಆದ್ದರಿಂದ ಮೋಟಾರನ್ನು ಎಸೆಯಬೇಕೆ ಎಂಬುದೂ ಒಳಗಿನ ಸ್ಪಂಜನ್ನು ಎಸೆಯಬೇಕೆ ಎಂಬುದೂ ಬೇರೆ ಬೇರೆ ಪ್ರಶ್ನೆಗಳು. ಎರಡನೆಯದಕ್ಕೆ ಉತ್ತರ ಬಹುತೇಕ ಯಾವಾಗಲೂ ಬೇಡ ಎಂದೇ.

ಮೊದಲ ಹಂತ: ವಿದ್ಯುತ್ ಸುರಕ್ಷತೆ

ಮಿಕ್ಕ ಲೆಕ್ಕಾಚಾರಗಳೆಲ್ಲ ಈ ಪರೀಕ್ಷೆಯ ನಂತರ. ಪ್ಲಗ್ಗನ್ನು ಕಿತ್ತ ಮೇಲೆಯೇ ನೀರಿಗೆ ಕೈಹಾಕಬೇಕು; ಸ್ವಿಚ್ ಆರಿಸಿದರೆ ಸಾಲದು, ಏಕೆಂದರೆ ಹಳೆಯ ವೈರಿಂಗ್ ಇರುವ ಮನೆಗಳಲ್ಲಿ ಸ್ವಿಚ್ಚು ಫೇಸ್ ತಂತಿಯ ಬದಲು ನ್ಯೂಟ್ರಲ್ ಮೇಲೆ ಕೂತಿರುವುದುಂಟು. ಅನಂತರ ವೈರನ್ನು ಉದ್ದಕ್ಕೂ ಬೆರಳಿನಲ್ಲಿ ಸವರಿ ನೋಡಿ: ಹೊದಿಕೆ ಬಿರುಸಾಗಿದೆಯೇ, ಬಿರುಕು ಬಿಟ್ಟಿದೆಯೇ, ಇಲಿ ಕಡಿದಿದೆಯೇ, ಪ್ಲಗ್ಗಿನ ಕಡ್ಡಿಗಳು ಕಪ್ಪಾಗಿವೆಯೇ ಅಥವಾ ಹಸಿರು ಕಿಲುಬು ಹಿಡಿದಿವೆಯೇ. ಕಾರವಾರ, ಅಂಕೋಲಾ, ಗೋಕರ್ಣದಂಥ ಕಡಲ ಪಕ್ಕದ ಊರುಗಳಲ್ಲಿ ಉಪ್ಪಿನ ಗಾಳಿಯಿಂದಾಗಿ ಪ್ಲಗ್ಗಿನ ಹಿತ್ತಾಳೆ ಘಟ್ಟದ ಮೇಲಿನ ಮನೆಗಳಿಗಿಂತ ಬೇಗ ಕಿಲುಬುತ್ತದೆ. ಅಷ್ಟು ಮಾತ್ರವಾದರೆ ಪ್ಲಗ್ ಬದಲಿಸಿದರೆ ಮುಗಿಯಿತು.

ಮೋಟಾರಿನ ಮೈ ಮಾತ್ರ ಬೇರೆ ಮಾತು. ಈ ಬಗೆಯ ಪಂಪುಗಳಲ್ಲಿ ತಾಮ್ರದ ಸುರುಳಿಯನ್ನು ಎಪಾಕ್ಸಿಯಲ್ಲಿ ಪೂರ್ತಿ ಮುಳುಗಿಸಿ ಗಟ್ಟಿಮಾಡಿರುತ್ತಾರೆ, ನೀರಿಗೂ 230 ವೋಲ್ಟಿಗೂ ನಡುವೆ ಇರುವುದು ಆ ಒಂದೇ ಗೋಡೆ. ಅದರಲ್ಲಿ ಕೂದಲೆಳೆಯ ಬಿರುಕಿದ್ದರೂ, ವೈರು ಒಳಹೋಗುವ ಜಾಗ ಉಬ್ಬಿದ್ದರೂ, ನೀರನ್ನು ಮುಟ್ಟಿದಾಗ ಜುಮ್ಮೆಂದಿದ್ದರೂ, ಫಿಲ್ಟರ್ ಹಾಕಿದೊಡನೆ, ಕರೆಂಟು ಸೋರಿದಾಗ ಅದನ್ನು ಕಡಿಯುವ ಸುರಕ್ಷಾ ಸ್ವಿಚ್ಚಾದ ಆರ್‌ಸಿಸಿಬಿ ಬೀಳುತ್ತಿದ್ದರೂ ತೀರ್ಮಾನ ಅಲ್ಲಿಗೇ ಮುಗಿಯಿತು: ಬದಲಿಸಬೇಕು. ಅಂಗಡಿಯಲ್ಲಿ ಸಿಗುವ ಅಂಟನ್ನು ಮೇಲೆ ಬಳಿದು ಮತ್ತೆ ನೀರಿಗಿಳಿಸುವುದು ಯಾವ ಕಾರಣಕ್ಕೂ ಕೂಡದು. ಮನೆಯಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದಿದ್ದರೆ ಫಿಲ್ಟರಿಗೆ ಹಣ ಹಾಕುವ ಮೊದಲು ಅದಕ್ಕೆ ಹಾಕಿ. ಎಂಸಿಬಿ ಇದೆಯೆಂದು ಸಮಾಧಾನಪಟ್ಟುಕೊಳ್ಳುವವರು ಅನೇಕರಿದ್ದಾರೆ, ಆದರೆ ಅದು ಮನೆಯ ವೈರನ್ನು ಕಾಯುತ್ತದೆ, ಮನುಷ್ಯನನ್ನಲ್ಲ. ಜೊತೆಗೆ, ವೈರು ಪ್ಲಗ್ಗಿಗಿಂತ ಕೆಳಕ್ಕೆ ಜೋತುಬಿದ್ದು ಮತ್ತೆ ಮೇಲೇರುವಂತೆ ಇಟ್ಟರೆ ಅದರ ಗುಂಟ ಇಳಿಯುವ ನೀರು ಪ್ಲಗ್ಗನ್ನು ಸೇರದೆ ನೆಲಕ್ಕೆ ತೊಟ್ಟಿಕ್ಕುತ್ತದೆ.

ಎರಡನೆಯ ಹಂತ: ನೀರಿನ ಹರಿವನ್ನು ಅಳೆಯುವುದು

ಹರಿವು ಕಡಿಮೆಯಾಗಿದೆ ಎಂಬ ಅನಿಸಿಕೆ ಸಾಲದು, ಅಂಕಿ ಬೇಕು. ಫಿಲ್ಟರಿನಿಂದ ಹೊರಬರುವ ನೀರನ್ನು ಅಳತೆ ಗೊತ್ತಿರುವ ಬಕೆಟ್ಟಿಗೆ ಬಿಟ್ಟು ಎಷ್ಟು ಸೆಕೆಂಡಿನಲ್ಲಿ ತುಂಬುತ್ತದೆಂದು ನೋಡಿ. 5 ಲೀಟರಿಗೆ 40 ಸೆಕೆಂಡು ಹಿಡಿದರೆ ತಾಸಿಗೆ 450 ಲೀಟರ್. ಸಾಮಾನ್ಯ ಮೀನುಗಳಿರುವ ಟ್ಯಾಂಕಿನಲ್ಲಿ ಅಷ್ಟೂ ನೀರು ತಾಸಿಗೆ 4ರಿಂದ 6 ಸಲ ಫಿಲ್ಟರಿನ ಮೂಲಕ ಹಾದುಹೋದರೆ ಸಾಕು. ಗೋಲ್ಡ್‌ಫಿಶ್, ಆಸ್ಕರ್‌ಗಳಂತೆ ಹೆಚ್ಚು ಹೊಲಸು ಮಾಡುವ ಮೀನುಗಳಿದ್ದರೆ ಇನ್ನೂ ಹೆಚ್ಚಿರಬೇಕು. ಡಬ್ಬಿಯ ಮೇಲೆ ಅಚ್ಚಾದ ಅಂಕಿಯೊಂದಿಗೆ ಇದನ್ನು ಹೋಲಿಸಬೇಡಿ, ಏಕೆಂದರೆ ಅದು ಒಳಗೆ ಸ್ಪಂಜಿಲ್ಲದೆ, ನೀರನ್ನು ಎತ್ತರಕ್ಕೆ ಏರಿಸದೆ ಅಳೆದ ಅಂಕಿ. ಹೊಸ ಯಂತ್ರವೂ ಮನೆಯಲ್ಲಿ ಅಷ್ಟು ಕೊಡುವುದಿಲ್ಲ. ಹೋಲಿಸಬೇಕಾದದ್ದು ನಿಮ್ಮದೇ ಫಿಲ್ಟರಿನ ಸ್ವಚ್ಛಗೊಳಿಸುವ ಮುಂಚಿನ ಮತ್ತು ನಂತರದ ಅಳತೆಗಳನ್ನು. ಅವನ್ನು ತಾರೀಖಿನೊಂದಿಗೆ ಸ್ಟ್ಯಾಂಡಿನ ಬಾಗಿಲ ಒಳಬದಿಗೆ ಬರೆದಿಡುವುದು ಒಳ್ಳೆಯದು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತೊಡೆದುಹಾಕಬೇಕು. ಹರಿವು ಕುಗ್ಗಿದೊಡನೆ ಮೋಟಾರು ಮುದಿಯಾಯಿತು ಎಂದು ತೀರ್ಮಾನಿಸುವವರೇ ಹೆಚ್ಚು. ಆದರೆ ನೇರವಾಗಿ ಮನೆಯ ಕರೆಂಟಿನಿಂದ ನಡೆಯುವ ಬಹುಪಾಲು ಅಕ್ವೇರಿಯಂ ಪಂಪುಗಳಲ್ಲಿರುವುದು ಸಿಂಕ್ರೊನಸ್ ಮೋಟಾರು. ಅದರ ವೇಗವು ವೋಲ್ಟೇಜನ್ನಾಗಲಿ ವಯಸ್ಸನ್ನಾಗಲಿ ಅವಲಂಬಿಸದೆ ಕರೆಂಟಿನ 50 ಹರ್ಟ್ಸ್ ಆವರ್ತನವನ್ನೇ ಹಿಡಿದುಕೊಂಡಿರುತ್ತದೆ. ಒಳಗೆ ತಿರುಗುವ ಅಯಸ್ಕಾಂತ, ಅಂದರೆ ರೋಟರ್, ಎರಡು ಧ್ರುವಗಳದ್ದಾದರೆ ನಿಮಿಷಕ್ಕೆ 3000 ಸುತ್ತು. ಅದು ತಿರುಗಿದರೆ ಆ ವೇಗದಲ್ಲೇ ತಿರುಗುತ್ತದೆ, ಇಲ್ಲವಾದರೆ ನಿಂತೇಬಿಡುತ್ತದೆ; ಮುಪ್ಪಿನಿಂದ ನಿಧಾನವಾಗುವುದೆಂಬುದು ಅದಕ್ಕಿಲ್ಲ. ಹೀಗಾಗಿ ನಡೆಯುತ್ತಿರುವ ಪಂಪಿನ ನೀರು ಕಡಿಮೆಯಾಗಿದ್ದರೆ ಕಾರಣ ಕಟ್ಟಿಕೊಂಡ ಸ್ಪಂಜು, ಪೈಪಿನೊಳಗಿನ ಲೋಳೆ, ಮುಚ್ಚಿಹೋದ ಜಾಲರಿ ಅಥವಾ ಮುರಿದ ಇಂಪೆಲ್ಲರ್ (ರೋಟರಿನೊಂದಿಗೆ ತಿರುಗಿ ನೀರನ್ನು ತಳ್ಳುವ ಚಕ್ರ) ಎಸಳು. ಈ ಯಾವುದಕ್ಕೂ ಹೊಸ ಫಿಲ್ಟರ್ ಬೇಕಿಲ್ಲ. ನಿಂತ ಪಂಪು ಮತ್ತೆ ಹೊರಡದಿದ್ದರೆ ಆಗ ರೋಟರನ್ನೂ ವೋಲ್ಟೇಜನ್ನೂ ಅನುಮಾನಿಸಬೇಕು. ಅಡಾಪ್ಟರ್ ಇರುವ ಡಿಸಿ ಪಂಪುಗಳಿಗೆ ಈ ಮಾತು ಅನ್ವಯಿಸುವುದಿಲ್ಲ. ಅವುಗಳಲ್ಲಿ ಮೊದಲು ಕೆಡುವುದು ಹೆಚ್ಚಾಗಿ ಅಡಾಪ್ಟರೇ, ಅದೇ ವೋಲ್ಟೇಜು ಮತ್ತು ಸಾಕಷ್ಟು ಆಂಪಿಯರಿನ ಬೇರೊಂದನ್ನು ಹಾಕಿ ನೋಡಬಹುದು.

ಮೂರನೆಯ ಹಂತ: ಬಿಚ್ಚಿ ತೊಳೆದು ನೋಡುವುದು

ಮೊದಲು ಸ್ಪಂಜು ಮತ್ತು ಉಂಗುರಗಳನ್ನು ಟ್ಯಾಂಕಿನದೇ ನೀರು ತುಂಬಿದ ಬಕೆಟ್ಟಿನಲ್ಲಿಟ್ಟು ಏರ್ ಸ್ಟೋನ್ (ಏರ್ ಪಂಪಿನ ಗಾಳಿಯನ್ನು ಗುಳ್ಳೆಗಳಾಗಿ ಬಿಡುವ ಕಲ್ಲು) ಬಿಡಿ. ಅವನ್ನು ನಲ್ಲಿಯ ಕೆಳಗೆ ಹಿಡಿದು ಉಜ್ಜಬಾರದು, ಏಕೆಂದರೆ ಊರಿನ ನೀರಿಗೆ ಹಾಕುವ ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಅನಂತರ ಪೈಪುಗಳಿಗೆ ಉದ್ದ ಬ್ರಷ್ ಹಾಕಿ ಉಜ್ಜಿ ಇಂಪೆಲ್ಲರನ್ನು ಹೊರತೆಗೆಯಿರಿ.

ನಿರ್ಧಾರದ ಮುಕ್ಕಾಲು ಪಾಲು ಈ ಸಣ್ಣ ಭಾಗದಲ್ಲಿ ಅಡಗಿದೆ. ನೋಡಬೇಕಾದದ್ದು ಇಷ್ಟು. ನಡುವಿನ ಸರಳು ನೆಟ್ಟಗಿದೆಯೇ, ಸವೆದು ಒಂದು ಕಡೆ ತೆಳ್ಳಗಾಗಿದೆಯೇ? ಸೆರಾಮಿಕ್ ಸರಳು ಸವೆಯುವುದು ಕಡಿಮೆಯಾದರೂ ಕೈಜಾರಿ ಬಿದ್ದರೆ ಮುರಿಯುತ್ತದೆ; ಉಕ್ಕಿನ ಸರಳು ಸಮುದ್ರದ ನೀರಿನ ಟ್ಯಾಂಕಿನಲ್ಲಿ ಹೆಚ್ಚು ಬಾಳುವುದಿಲ್ಲ. ಎರಡೂ ತುದಿಯ ರಬ್ಬರ್ ಬುಷ್‌ಗಳು ಸಡಿಲವಾಗಿದ್ದರೆ ಗರಗರ ಸದ್ದು ಬರುತ್ತದೆ. ಅಯಸ್ಕಾಂತದ ಉರುಳೆಯ ಹೊದಿಕೆ ಒಡೆದು ಒಳಗೆ ನೀರಿಳಿದಿದ್ದರೆ ಅದು ತುಕ್ಕು ಹಿಡಿದು ಉಬ್ಬಿ, ಗೂಡಿನ ಗೋಡೆಗೆ ಉಜ್ಜತೊಡಗುತ್ತದೆ. ಅರದಿಂದ ಉಜ್ಜಿ ಸಣ್ಣದು ಮಾಡುವ ಸಾಹಸ ಬೇಡ, ಇಂಪೆಲ್ಲರನ್ನೇ ಬದಲಿಸಿ.

ಇನ್ನೊಂದು ಪರೀಕ್ಷೆ ಹೆಚ್ಚಿನವರಿಗೆ ತಿಳಿದಿರುವುದಿಲ್ಲ. ಹಲವು ಮಾದರಿಗಳಲ್ಲಿ ಅಯಸ್ಕಾಂತವನ್ನು ಒಂದು ಕೈಯಲ್ಲಿ ಹಿಡಿದು ಎಸಳುಗಳನ್ನು ತಿರುಗಿಸಿದರೆ ಅವು ಸ್ವಲ್ಪ ದೂರ ಸಡಿಲವಾಗಿ ತಿರುಗಿ ಆಮೇಲೆ ತಡೆಯುತ್ತವೆ. ಇದು ದೋಷವಲ್ಲ, ಬೇಕೆಂದೇ ಬಿಟ್ಟಿರುವ ಸಡಿಲ: ಈ ಮೋಟಾರಿನ ಹೊರಡುವ ಬಲ ಬಹಳ ಕಡಿಮೆಯಾದ್ದರಿಂದ, ಅಯಸ್ಕಾಂತವು ಮೊದಲು ಹಗುರವಾಗಿ ತಿರುಗಲಾರಂಭಿಸಿ ಅನಂತರ ನೀರಿನ ಭಾರವನ್ನು ಹೊರಲೆಂದು ಹಾಗೆ ಮಾಡಿರುತ್ತಾರೆ. ಆ ಸಂದಿಯಲ್ಲಿ ಲೋಳೆ ಕಟ್ಟಿಕೊಂಡು ಗಟ್ಟಿಯಾದರೆ, ನಡೆಯುತ್ತಿರುವಷ್ಟು ದಿನ ಏನೂ ಗೊತ್ತಾಗದೆ, ಕರೆಂಟು ಹೋಗಿ ಬಂದ ದಿನ ಪಂಪು ಹೊರಡಲಾರದೆ ಗುಂಯ್‌ಗುಡುತ್ತದೆ. ಮಳೆಗಾಲದಲ್ಲಿ ಸತ್ತಿತು ಎಂದು ಎಸೆದ ಎಷ್ಟೋ ಫಿಲ್ಟರುಗಳಿಗೆ ಬೇಕಿದ್ದದ್ದು ಹಳೆಯ ಟೂತ್‌ಬ್ರಷ್ಷಿನ ಒಂದು ಉಜ್ಜುವಿಕೆ ಮಾತ್ರ.

ಯಾವ ನೀರು ಬಳಸುತ್ತೀರಿ ಎಂಬುದೂ ಇಲ್ಲಿ ಮುಖ್ಯ. ಚಿರೇಕಲ್ಲಿನ ನೆಲದ ಬಾವಿಗಳಲ್ಲಿ ಕಬ್ಬಿಣದ ಅಂಶ ಇರುವುದುಂಟು. ಅಂಥ ನೀರು ಇಂಪೆಲ್ಲರಿನ ಗೂಡಿನೊಳಗೆ ಕಂದು ಬಣ್ಣದ ಪೊರೆ ಕಟ್ಟುತ್ತದೆ. ನಿಂಬೆಹುಳಿಯಲ್ಲಿ ಅರ್ಧ ತಾಸು ನೆನೆಸಿಟ್ಟು ಉಜ್ಜಿದರೆ ಅದು ಬಿಡುತ್ತದೆ, ಮತ್ತೆ ಜೋಡಿಸುವ ಮುಂಚೆ ಚೆನ್ನಾಗಿ ತೊಳೆಯಬೇಕು. ಕಡಲ ದಂಡೆಯ ಮರಳನ್ನು ಟ್ಯಾಂಕಿನ ತಳಕ್ಕೆ ಹಾಕಿದವರು ಅಯಸ್ಕಾಂತಕ್ಕೆ ಕಪ್ಪು ಕಣಗಳು ಅಂಟಿಕೊಂಡಿರುವುದನ್ನು ಕಾಣಬಹುದು, ಅವು ಸರಳನ್ನೂ ಗೂಡನ್ನೂ ಅರೆದುಹಾಕುತ್ತವೆ. ಮರಳನ್ನು ಬದಲಿಸದೆ ಇಂಪೆಲ್ಲರ್ ಮಾತ್ರ ಬದಲಿಸಿದರೆ ಅದೇ ಕಥೆ ಮರುಕಳಿಸುತ್ತದೆ.

ಸೋರಿಕೆ, ಬಿರುಕು ಮತ್ತು ಏರ್ ಪಂಪ್

ಕ್ಯಾನಿಸ್ಟರ್ (ಟ್ಯಾಂಕಿನ ಹೊರಗಿಟ್ಟು ಪೈಪಿನಿಂದ ಜೋಡಿಸುವ ಮುಚ್ಚಿದ ಡಬ್ಬಿಯ ಫಿಲ್ಟರ್) ಸೋರುತ್ತಿದ್ದರೆ ಅದನ್ನು ಒಣ ಪೇಪರಿನ ಮೇಲಿಟ್ಟು ಎಲ್ಲಿ ಒದ್ದೆಯಾಗುತ್ತದೆಂದು ನೋಡಿ. ಮುಚ್ಚಳದ ಸುತ್ತ ಒದ್ದೆಯಾದರೆ ನೀರು ಸೋರದಂತೆ ತಡೆಯುವ ರಬ್ಬರ್ ಉಂಗುರ, ಅಂದರೆ ಓ-ರಿಂಗ್, ಚಪ್ಪಟೆಯಾಗಿದೆ ಅಥವಾ ಅದರ ಮೇಲೆ ಮರಳಿನ ಕಣ ಕೂತಿದೆ. ಹೊಸ ಓ-ರಿಂಗಿಗೆ ಸಿಲಿಕೋನ್ ಗ್ರೀಸನ್ನು ತೆಳುವಾಗಿ ಹಚ್ಚಬೇಕು. ನಮ್ಮ ಕಡೆ ಎಲ್ಲ ಬಿಗಿತಕ್ಕೂ ತೆಂಗಿನೆಣ್ಣೆಯೇ ಮದ್ದು, ಆದರೆ ಇಲ್ಲಿ ಅದು ಬೇಡ. ಎಣ್ಣೆ ಕೆಲವು ಬಗೆಯ ರಬ್ಬರನ್ನು ಉಬ್ಬಿಸುವುದಲ್ಲದೆ ಟ್ಯಾಂಕಿನ ನೀರಿನ ಮೇಲೆ ಪದರವಾಗಿ ಹರಡುತ್ತದೆ. ಪೈಪು ಜೋಡಿಸುವ ಕವಾಟದ ಒಳಗಿನ ಸಣ್ಣ ಓ-ರಿಂಗುಗಳನ್ನೂ ಇದೇ ಸಲ ಬದಲಿಸಿಬಿಡುವುದು ಲೇಸು. ಆದರೆ ಕ್ಯಾನಿಸ್ಟರಿನ ತಲೆಯಲ್ಲಿ, ಡಬ್ಬಿಯ ಮೈಯಲ್ಲಿ ಅಥವಾ ಬಿಗಿಹಿಡಿಯುವ ಕ್ಲಿಪ್ಪಿನ ಬುಡದಲ್ಲಿ ಬಿರುಕಿದ್ದರೆ ಅದನ್ನು ಅಂಟಿಸಿ ನಂಬಬಾರದು, ಏಕೆಂದರೆ ಅಲ್ಲಿ ಸದಾ ನೀರಿನ ಒತ್ತಡವಿರುತ್ತದೆ. ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಅದು ಬಿಟ್ಟುಕೊಂಡರೆ ಟ್ಯಾಂಕಿನ ನೀರೆಲ್ಲ ನೆಲಕ್ಕಿಳಿಯಬಹುದು. ಗಾಜಿನ ಅಂಚಿಗೆ ನೇತುಹಾಕುವ ಫಿಲ್ಟರಿನ ಪೆಟ್ಟಿಗೆಯಲ್ಲಿ ಒತ್ತಡವಿಲ್ಲ. ಅದರ ಬಿರುಕಿಗೆ ಬೂಷ್ಟುನಾಶಕ ಬೆರೆಸದ ಅಕ್ವೇರಿಯಂ ಸಿಲಿಕೋನ್ ಹಾಕಿ ಎರಡು ದಿನ ಒಣಗಲು ಬಿಡಬಹುದು. ಮಳೆಗಾಲದ ತೇವದಲ್ಲಿ ಸಿಲಿಕೋನ್ ಒಣಗುವುದಿಲ್ಲವೆಂಬ ಅಂಜಿಕೆ ಬೇಡ, ಅದು ಗಟ್ಟಿಯಾಗುವುದೇ ಗಾಳಿಯ ತೇವದಿಂದ.

ಏರ್ ಪಂಪಿನ ವಿಷಯ ಚಿಕ್ಕದು. ಗಾಳಿ ಕಡಿಮೆಯಾದರೆ ಹೆಚ್ಚಾಗಿ ಒಳಗಿನ ರಬ್ಬರ್ ಡಯಾಫ್ರಮ್ ಹರಿದಿರುತ್ತದೆ, ಅದು ಅಗ್ಗ. ಡಯಾಫ್ರಮ್ ಸಿಗದ ಮಾದರಿಯಾದರೆ ಪಂಪನ್ನೇ ಬದಲಿಸಿ. ನೀರಿನ ಮಟ್ಟಕ್ಕಿಂತ ಕೆಳಗಿಟ್ಟಿದ್ದರೆ ನಳಿಕೆಯಲ್ಲಿ ಚೆಕ್ ವಾಲ್ವ್ ಇರಲೇಬೇಕು, ಇಲ್ಲವಾದರೆ ಕರೆಂಟು ಹೋದಾಗ ನೀರು ಹಿಮ್ಮುಖವಾಗಿ ಪಂಪಿಗಿಳಿಯುತ್ತದೆ.

ನಾಲ್ಕನೆಯ ಹಂತ: ಮತ್ತೆ ಹೊರಡುವ ಪರೀಕ್ಷೆ

ಬೇರೆ ಊರಿನವರಿಗೆ ಈ ಹಂತ ಅಷ್ಟು ಮುಖ್ಯವಲ್ಲದಿರಬಹುದು, ನಮಗೆ ಇದೇ ಮುಖ್ಯ. ಕಾಳಿ ನದಿಯ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳೂ ಕೈಗಾದ ಅಣುವಿದ್ಯುತ್ ಸ್ಥಾವರವೂ ಇರುವ ಈ ಜಿಲ್ಲೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ತಂತಿ ಹರಿಯುವುದೂ, ದಿನಕ್ಕೆ ಹಲವು ಸಲ ಕರೆಂಟು ಹೋಗಿ ಬರುವುದೂ ಹೊಸತಲ್ಲ. ನಡೆಯುತ್ತಿರುವಾಗ ಫಿಲ್ಟರ್ ಎಷ್ಟು ಚೆನ್ನಾಗಿದೆ ಎಂಬುದಕ್ಕಿಂತ, ಯಾರೂ ಮುಟ್ಟದೆ ಅದು ತಾನಾಗಿ ಹೊರಡುತ್ತದೆಯೇ ಎಂಬುದರ ಮೇಲೆ ಇಲ್ಲಿ ಮೀನುಗಳ ಬದುಕು ನಿಂತಿದೆ.

ತೊಳೆದು ಜೋಡಿಸಿದ ಫಿಲ್ಟರನ್ನು ಒಂದು ಇಡೀ ದಿನ ನಡೆಸಿ, ಮೋಟಾರು ಬಿಸಿಯಾಗಿರುವಾಗಲೇ ಆರಿಸಿ ಐದು ನಿಮಿಷ ಬಿಟ್ಟು ಹಾಕಿ. ಹೀಗೆ ಹತ್ತು ಸಲ ಮಾಡಿ. ತಟ್ಟದೆ, ಅಲುಗಾಡಿಸದೆ ಹತ್ತಕ್ಕೆ ಹತ್ತು ಸಲವೂ ಹೊರಡಬೇಕು. ಸಾಧ್ಯವಾದರೆ ಇದನ್ನು ವೋಲ್ಟೇಜು ಇಳಿದಿರುವ ಹೊತ್ತಿನಲ್ಲಿ ಮಾಡಿ. ಶಿರಸಿ, ಸಿದ್ದಾಪುರದ ಸೀಮೆಯಲ್ಲಾದರೆ ಬೇಸಿಗೆಯಲ್ಲಿ ಅಡಿಕೆ ತೋಟದ ಪಂಪುಗಳೆಲ್ಲ ಒಟ್ಟಿಗೆ ನಡೆಯುವ ಸಮಯ. ಒಂದೆರಡು ಸಲ ತಪ್ಪಿದರೆ ಇಂಪೆಲ್ಲರ್ ಬದಲಿಸಿ ಮತ್ತೆ ಪರೀಕ್ಷಿಸಿ. ಹೊಸ ಇಂಪೆಲ್ಲರ್ ಹಾಕಿದ ಮೇಲೂ ತಪ್ಪಿದರೆ ಆ ಯಂತ್ರವನ್ನು ಮುಂದಿನ ಮಳೆಗಾಲಕ್ಕೆ ಇಟ್ಟುಕೊಳ್ಳಬೇಡಿ. ಅಂದಹಾಗೆ, ಪಂಪು ಒಮ್ಮೆ ಎಡಕ್ಕೂ ಇನ್ನೊಮ್ಮೆ ಬಲಕ್ಕೂ ತಿರುಗಿದರೆ ಗಾಬರಿಯಾಗಬೇಕಿಲ್ಲ. ಎಸಳುಗಳು ನೆಟ್ಟಗಿರುವ ಸರಳ ಮಾದರಿಗಳಲ್ಲಿ ಅದು ಸಹಜ.

ಐದನೆಯ ಹಂತ: ಹಣದ ಲೆಕ್ಕ

ಸುರಕ್ಷತೆಯ ಪರೀಕ್ಷೆಯಲ್ಲಿ ಸೋತದ್ದನ್ನು ಬದಲಿಸಲೇಬೇಕು; ತೊಳೆದೊಡನೆ ಸರಿಹೋದದ್ದನ್ನು ಇಟ್ಟುಕೊಳ್ಳಲೇಬೇಕು. ಲೆಕ್ಕ ಬೇಕಾಗುವುದು ನಡುವಿನವಕ್ಕೆ. ಬಿಡಿಭಾಗದ ಬೆಲೆ, ಅದನ್ನು ತರಿಸುವ ಖರ್ಚು ಎರಡೂ ಸೇರಿ ಅಂಥದೇ ಹೊಸ ಫಿಲ್ಟರಿನ ಬೆಲೆಯ ಅರ್ಧದೊಳಗಿದ್ದರೆ ರಿಪೇರಿ, ದಾಟಿದರೆ ಹೊಸದು ಎಂಬುದು ಒರಟಾದರೂ ಕೆಲಸಕ್ಕೆ ಬರುವ ಲೆಕ್ಕ. ಬಿಡಿಭಾಗವನ್ನು ಹುಬ್ಬಳ್ಳಿ, ಮಡಗಾಂವ ಅಥವಾ ಮಂಗಳೂರಿನಿಂದ ತರಿಸಬೇಕಾಗಿ ಬಂದರೆ ಅದು ಬರುವವರೆಗೆ ಟ್ಯಾಂಕು ಹೇಗೆ ನಡೆಯುತ್ತದೆಂಬುದನ್ನೂ ಯೋಚಿಸಬೇಕು. ಕೇಳುವಾಗ ಕಂಪನಿಯ ಹೆಸರಷ್ಟೇ ಹೇಳದೆ ಮೋಟಾರಿನ ಚೀಟಿಯ ಮೇಲಿನ ಮಾದರಿ ಸಂಖ್ಯೆಯ ಫೋಟೋ ಕಳಿಸಿ. ಕಣ್ಣಿಗೆ ಒಂದೇ ತೆರನಾಗಿ ಕಾಣುವ ಇಂಪೆಲ್ಲರುಗಳಲ್ಲಿ ಒಂದು ಮಿಲಿಮೀಟರಿನ ವ್ಯತ್ಯಾಸವಿದ್ದರೂ ಅದು ಕೂರುವುದಿಲ್ಲ.

ಕರೆಂಟಿನ ಖರ್ಚನ್ನು ಬಹಳ ಜನ ಮರೆಯುತ್ತಾರೆ. ಫಿಲ್ಟರ್ ಹಗಲೂ ರಾತ್ರಿ ನಡೆಯುವ ಯಂತ್ರ. 35 ವಾಟಿನ ಹಳೆಯದರ ಬದಲು ಅಷ್ಟೇ ನೀರು ತಳ್ಳುವ 15 ವಾಟಿನದನ್ನು ಹಾಕಿದರೆ 20 ವಾಟಿನ ಉಳಿತಾಯ ವರ್ಷಕ್ಕೆ ಸುಮಾರು 175 ಯೂನಿಟ್ ಆಗುತ್ತದೆ. ಅದನ್ನು ನಿಮ್ಮ ಬಿಲ್ಲಿನ ದರದಿಂದ ಗುಣಿಸಿ ನೋಡಿ. 2023ರಲ್ಲಿ ಆರಂಭವಾದ ಗೃಹಜ್ಯೋತಿಯ ಫಲಾನುಭವಿಗಳಿಗೆ ಇದು ಏನೂ ಅಲ್ಲವೆಂದು ತೋರಬಹುದು, ಆದರೆ ತಿಂಗಳ ಬಳಕೆ 200 ಯೂನಿಟ್ಟಿನ ಅಂಚಿನಲ್ಲಿರುವ ಮನೆಗಳಲ್ಲಿ ಫಿಲ್ಟರು, ಲೈಟು, ಹೀಟರುಗಳು ಸೇರಿ ಮಿತಿಯನ್ನು ದಾಟಿಸಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕಾಗುತ್ತದೆ.

ಒಂದು ಎಚ್ಚರಿಕೆ: ಅಮೋನಿಯ ಏರುತ್ತಿದೆ ಎಂಬ ಒಂದೇ ಕಾರಣಕ್ಕೆ ಫಿಲ್ಟರ್ ಬದಲಿಸಬೇಡಿ. ಘಟ್ಟದ ಅಬ್ಬಿ ನೀರೂ ಕರಾವಳಿಯ ಅನೇಕ ಬಾವಿಗಳ ನೀರೂ ಮೆದು. ಆಮ್ಲವನ್ನು ತಡೆದುಕೊಳ್ಳುವ ಶಕ್ತಿ ಅಂಥ ನೀರಿಗೆ ಇಲ್ಲವಾದ್ದರಿಂದ ದಿನ ಕಳೆದಂತೆ ಪಿಎಚ್ ಇಳಿಯುತ್ತದೆ. ಅದು 6.5ಕ್ಕಿಂತ ಕೆಳಗಿಳಿದರೆ ಬ್ಯಾಕ್ಟೀರಿಯಾದ ಕೆಲಸ ಗಮನಾರ್ಹವಾಗಿ ನಿಧಾನವಾಗುತ್ತದೆ, ಎಷ್ಟೇ ದುಬಾರಿ ಫಿಲ್ಟರ್ ಹಾಕಿದರೂ ಆ ದೋಷ ಹೋಗುವುದಿಲ್ಲ. ಗಪ್ಪಿ, ಮೋಲಿ, ಗೋಲ್ಡ್‌ಫಿಶ್‌ಗಳಿರುವ ಟ್ಯಾಂಕಾದರೆ ಕುದಿಸಿ ತೊಳೆದ ಒಂದು ಹಿಡಿ ಕಪ್ಪೆಚಿಪ್ಪನ್ನು ಫಿಲ್ಟರಿನೊಳಗೆ ಚೀಲದಲ್ಲಿ ಕಟ್ಟಿಟ್ಟರೆ ಸಾಕು, ಅದು ನಿಧಾನವಾಗಿ ಕರಗಿ ಪಿಎಚ್ಚನ್ನು ಹಿಡಿದಿಡುತ್ತದೆ. ಅಂಗಡಿಯಲ್ಲಿ ಪ್ಯಾಕೆಟ್ ಕಟ್ಟಿ ಮಾರುವ ಹವಳದ ಚೂರು ಮಾಡುವುದೂ ಇದನ್ನೇ. ಅಘನಾಶಿನಿ, ಗಂಗಾವಳಿಯ ಅಳಿವೆಗಳ ಆಸುಪಾಸಿನವರು ಅದಕ್ಕೆ ದುಡ್ಡು ಕೊಡುವುದು ನನಗಂತೂ ಸರಿಯೆನಿಸುವುದಿಲ್ಲ.

ಬದಲಿಸುವುದೇ ಎಂದಾದರೆ

ಹೊಸದನ್ನು ಆರಿಸುವಾಗ ಹರಿವಿನ ಅಂಕಿಗಿಂತ ಮೊದಲು ಇಂಪೆಲ್ಲರ್ ಮತ್ತು ಓ-ರಿಂಗ್ ಬಿಡಿಯಾಗಿ ಸಿಗುತ್ತವೆಯೇ ಎಂದು ವಿಚಾರಿಸಿ, ಸಿಕ್ಕರೆ ಯಂತ್ರದ ಜೊತೆಗೇ ಒಂದೊಂದನ್ನು ಕೊಂಡಿಟ್ಟುಕೊಳ್ಳಿ. ಕರಾವಳಿಯವರು ಸೆರಾಮಿಕ್ ಸರಳು ಇರುವುದನ್ನೇ ಆರಿಸಲಿ. ಒಂದು ದೊಡ್ಡ ಕ್ಯಾನಿಸ್ಟರಿನ ಬದಲು ಮಧ್ಯಮ ಗಾತ್ರದ ಒಂದು ಫಿಲ್ಟರೂ ಏರ್ ಪಂಪಿನಿಂದ ನಡೆಯುವ ಒಂದು ಸ್ಪಂಜು ಫಿಲ್ಟರೂ ಇರುವುದು ನನ್ನ ಅಭಿಪ್ರಾಯದಲ್ಲಿ ಹೆಚ್ಚು ಕ್ಷೇಮ. ಒಂದು ಕೆಟ್ಟರೂ ಇನ್ನೊಂದರಲ್ಲಿ ಬ್ಯಾಕ್ಟೀರಿಯಾ ಬದುಕಿರುತ್ತದೆ, ಮತ್ತು ಏರ್ ಪಂಪನ್ನು ಬ್ಯಾಟರಿಯಲ್ಲೂ ನಡೆಸಬಹುದು.

ಹಳೆಯದು ಇನ್ನೂ ನಡೆಯುತ್ತಿದ್ದರೆ ಎರಡನ್ನೂ 4ರಿಂದ 6 ವಾರ ಒಟ್ಟಿಗೆ ನಡೆಸಿ ಆಮೇಲೆ ಹಳೆಯದನ್ನು ತೆಗೆಯಿರಿ. ಅಷ್ಟು ಜಾಗ ಅಥವಾ ವ್ಯವಧಾನವಿಲ್ಲದಿದ್ದರೆ ಹಳೆಯ ಸ್ಪಂಜು ಮತ್ತು ಉಂಗುರಗಳನ್ನು ಒದ್ದೆಯಾಗಿರುವಾಗಲೇ ಹೊಸದರೊಳಗೆ ಸೇರಿಸಿ. ಗಾತ್ರ ಹೊಂದದಿದ್ದರೆ ಸ್ಪಂಜನ್ನು ಕತ್ತರಿಸಿ ತುಂಬಬಹುದು. ಹೊಸ ಫಿಲ್ಟರಿನ ಜೊತೆ ಬಂದ ಹೊಳೆಯುವ ಉಂಗುರಗಳನ್ನು ಮಿಕ್ಕ ಜಾಗಕ್ಕೆ ಹಾಕಿದರಾಯಿತು. ಇದ್ದಿಲು ಮತ್ತು ಬಿಳಿ ಹತ್ತಿಯಂಥ ಪದರ ಮಾತ್ರ ಆಗಾಗ ಬದಲಿಸಬೇಕಾದ ವಸ್ತುಗಳು. ಮೊದಲ ಎರಡು ವಾರ ಮೀನಿಗೆ ಆಹಾರವನ್ನು ಅರ್ಧಕ್ಕಿಳಿಸಿ, ಎರಡು ದಿನಕ್ಕೊಮ್ಮೆ ಅಮೋನಿಯ, ನೈಟ್ರೈಟ್ ಪರೀಕ್ಷಿಸಿ. ಎರಡೂ ಸೊನ್ನೆಯಲ್ಲಿರಬೇಕು, ಯಾವುದಾದರೂ ಕಾಣಿಸಿಕೊಂಡರೆ ಕಾಲುಭಾಗ ನೀರನ್ನು ಕ್ಲೋರಿನ್ ತೆಗೆದ ನೀರಿನಿಂದ ಬದಲಿಸಿ.

ನಡುರಾತ್ರಿಯಲ್ಲಿ ಕೆಟ್ಟುನಿಂತ ಕ್ಯಾನಿಸ್ಟರಿನ ಒಳಗಿನ ನೀರಿನಲ್ಲಿ ಕೆಲವೇ ತಾಸುಗಳಲ್ಲಿ ಆಮ್ಲಜನಕ ಮುಗಿದು ಬ್ಯಾಕ್ಟೀರಿಯಾ ಸಾಯತೊಡಗುತ್ತದೆ. ಆದ್ದರಿಂದ ಅದನ್ನು ಮುಚ್ಚಿಟ್ಟು ಬೆಳಗಿನವರೆಗೆ ಕಾಯದೆ, ಉಂಗುರಗಳನ್ನು ಜಾಲರಿ ಚೀಲಕ್ಕೆ ಹಾಕಿ ಟ್ಯಾಂಕಿನೊಳಗೇ ಏರ್ ಸ್ಟೋನಿನ ಪಕ್ಕ ಇಳಿಬಿಡಿ. ಬಹಳ ಹೊತ್ತು ನಿಂತಿದ್ದ ಕ್ಯಾನಿಸ್ಟರನ್ನು ಕರೆಂಟು ಬಂದೊಡನೆ ಹಾಗೆಯೇ ನಡೆಸಿದರೆ ಒಳಗಿನ ಕೊಳೆತ ನೀರು ಮೀನುಗಳ ಮೇಲೆ ಬೀಳುತ್ತದೆ. ಮೊದಲು ಅದನ್ನು ಚೆಲ್ಲಿ, ಉಂಗುರಗಳನ್ನು ಟ್ಯಾಂಕಿನ ನೀರಿನಲ್ಲಿ ಜಾಲಿಸಬೇಕು.

ಇವನ್ನೆಲ್ಲ ಮಾಡಲು ತಕ್ಕ ಕಾಲ ಏಪ್ರಿಲ್ ಕೊನೆ ಅಥವಾ ಮೇ ಮೊದಲ ವಾರ. ಆಗ ಬಿಚ್ಚಿ ನೋಡಿದರೆ ಬಿಡಿಭಾಗ ತರಿಸಲೂ, ಹೊಸದಾದರೆ ಅದರಲ್ಲಿ ಬ್ಯಾಕ್ಟೀರಿಯಾ ನೆಲೆಯೂರಲೂ ಮಳೆಗೆ ಮುಂಚೆ ಸಮಯ ಸಿಗುತ್ತದೆ. ತೆಗೆದ ಹಳೆಯ ಯಂತ್ರದ ಪೈಪು, ಕ್ಲಿಪ್ಪು, ಬುಟ್ಟಿಗಳು ಮುಂದೆ ಉಪಯೋಗಕ್ಕೆ ಬರುತ್ತವೆ, ಅವನ್ನು ತೆಗೆದಿಡಿ. ಎಪಾಕ್ಸಿ ಬಿರುಕುಬಿಟ್ಟ ಮೋಟಾರನ್ನು ಮಾತ್ರ ಗುಜರಿಗೆ ಹಾಕುವ ಮೊದಲು ಅದರ ವೈರನ್ನು ಬುಡದಲ್ಲೇ ಕತ್ತರಿಸಿಬಿಡಿ, ಇಲ್ಲವಾದರೆ ಇನ್ನಾರೋ ಅದನ್ನು ಎತ್ತಿಕೊಂಡು ಹೋಗಿ ನೀರಿಗಿಳಿಸಿ ಪ್ಲಗ್ ಹಾಕಿಯಾರು.